ಹಡಗು ಹತ್ತಿದ ಸರಕು, ಹೊಲದಲ್ಲುಳಿದ ಉದ್ರಿ

ಚಾಮರಾಜನಗರ ಜಿಲ್ಲೆಯಿಂದ ಹೊರದೇಶಕ್ಕೆ ಹೋಗುವ ಸರಕುಗಳಲ್ಲಿ ಎರಡು ಎದ್ದು ಕಾಣುತ್ತವೆ. ಒಂದು ಕರಿಕಲ್ಲು. ಇಲ್ಲಿನ ಗುಡ್ಡಗಳಿಂದ ಬ್ಲಾಕುಗಳಾಗಿ ಎದ್ದು, ಚೆನ್ನೈ, ಮಂಗಳೂರು ಬಂದರು ದಾಟಿ, ಜಪಾನು ಮತ್ತು ಯುರೋಪಿನ ಸ್ಮಶಾನಗಳಲ್ಲಿ ಸಮಾಧಿಗಲ್ಲಾಗಿ ನಿಲ್ಲುವ ಶಿಲೆ ಅದು. ಇನ್ನೊಂದು ಗುಂಡ್ಲುಪೇಟೆ ತಾಲ್ಲೂಕಿನ ಚೆಂಡುಹೂ. ಮುಂಗಾರಿನಲ್ಲಿ ಊಟಿ, ವಯನಾಡು ರಸ್ತೆಗಳ ಇಕ್ಕೆಲದಲ್ಲಿ ಅರಳುವ ಈ ಹೂ ಕಾರ್ಖಾನೆ ಸೇರಿ, ಒಣಗಿ, ಪುಡಿಯಾಗಿ, ಲುಟೀನ್ ಎಂಬ ಹಳದಿ ಬಣ್ಣದ ಸಾರವಾಗುತ್ತದೆ. ಮೊಟ್ಟೆಯ ಭಂಡಾರ ಹಳದಿಯಾಗಲೆಂದು ಕೋಳಿಯ ಆಹಾರಕ್ಕೆ, ದೃಷ್ಟಿಗೆ ಒಳ್ಳೆಯದೆಂದು ಕಣ್ಣಿನ ಮಾತ್ರೆಗೆ ಅದು ಬೀಳುತ್ತದೆ. ಈ ಎರಡು ಸರಕುಗಳ ಬಗ್ಗೆ ಸಭೆ, ಮನವಿ, ಪ್ರತಿಭಟನೆಗಳಿಗೆ ಜಿಲ್ಲೆಯಲ್ಲಿ ಬರವಿಲ್ಲ. ಆದರೆ ಎಲ್ಲದರ ವಿಷಯ ಒಂದೇ: ದರ. ಕಿಲೋ ಹೂವಿಗೆ ಎಷ್ಟು, ಕಲ್ಲಿಗೆ ರಾಜಧನ ಎಷ್ಟು. ಆ ಹಣ ಯಾವ ದಿನ ಬರುತ್ತದೆ, ಯಾರ ಜವಾಬ್ದಾರಿಯ ಮೇಲೆ ಬರುತ್ತದೆ, ಬಾರದಿದ್ದರೆ ಯಾರ ಕೈ ಸುಡುತ್ತದೆ ಎಂದು ಕೇಳಿದವರು ಕಡಿಮೆ. ದೇಶದಿಂದ ದೇಶಕ್ಕೆ ನಡೆಯುವ ವ್ಯಾಪಾರದಲ್ಲಿ ದರದಷ್ಟೇ ತೂಕ ಪಾವತಿಯ ಷರತ್ತಿಗೂ ಇದೆ. ಆ ಷರತ್ತಿನ ಭಾರ ಹ್ಯಾಂಬರ್ಗಿನಿಂದ ಗುಂಡ್ಲುಪೇಟೆಯವರೆಗೆ ಇಳಿದು ಬರುತ್ತದೆ, ಅದರಿಂದ ಕಾಪಾಡುವ ವ್ಯವಸ್ಥೆ ಮಾತ್ರ ರಫ್ತುದಾರನ ಕಚೇರಿಯ ಬಾಗಿಲಲ್ಲೇ ನಿಂತುಬಿಡುತ್ತದೆ. ಈ ಅಂತರವನ್ನು ಕಾನೂನಿನಿಂದಲೇ ಮುಚ್ಚಬೇಕು ಎಂಬುದು ನನ್ನ ವಾದ.

ಒಬ್ಬರ ಮುಖ ಒಬ್ಬರು ನೋಡದ ಇಬ್ಬರು ವ್ಯಾಪಾರ ಮಾಡುವಾಗ ಇಬ್ಬರಿಗೂ ಒಂದೊಂದು ಅಂಜಿಕೆ. ಸರಕು ಕಳಿಸಿದ ಮೇಲೆ ಹಣ ಬಾರದೇ ಹೋದರೆ ಎಂದು ಮಾರುವವನಿಗೆ, ಹಣ ಕೊಟ್ಟ ಮೇಲೆ ಸರಕು ಬಾರದೇ ಹೋದರೆ ಎಂದು ಕೊಳ್ಳುವವನಿಗೆ. ಪಾವತಿಯ ಬಗೆಗಳೆಲ್ಲ ಈ ಅಂಜಿಕೆಯನ್ನು ಯಾರು ಎಷ್ಟು ಹೊರಬೇಕು ಎಂಬುದರ ಒಪ್ಪಂದಗಳೇ. ಪೂರ್ತಿ ಹಣ ಮುಂಗಡವಾಗಿ ಬಂದರೆ ಭಾರವೆಲ್ಲ ಕೊಳ್ಳುವವನ ಮೇಲೆ. ಸರಕು ಕಳಿಸಿ ಮೂವತ್ತು, ಅರವತ್ತು, ತೊಂಬತ್ತು ದಿನ ಕಾಯುವ ಉದ್ರಿ ವ್ಯಾಪಾರವಾದರೆ, ಅಂದರೆ ಓಪನ್ ಅಕೌಂಟ್ ಆದರೆ, ಭಾರವೆಲ್ಲ ಮಾರುವವನ ಮೇಲೆ. ನಡುವೆ ಎರಡು ದಾರಿಗಳಿವೆ. ಒಂದರಲ್ಲಿ ಮಾರುವವನು ಹಡಗಿನ ಕಾಗದಗಳನ್ನು ತನ್ನ ಬ್ಯಾಂಕಿನ ಮೂಲಕ ಕೊಳ್ಳುವವನ ಬ್ಯಾಂಕಿಗೆ ಕಳಿಸುತ್ತಾನೆ. ಹಣ ಕಟ್ಟಿದರೆ, ಇಲ್ಲವೇ ಇಂಥ ದಿನ ಕಟ್ಟುತ್ತೇನೆಂದು ಹುಂಡಿಗೆ ಸಹಿ ಹಾಕಿದರೆ, ಕಾಗದ ಬಿಡುಗಡೆ. ಬಿಲ್ ಆಫ್ ಲೇಡಿಂಗ್ ಎಂಬ ಆ ಕಾಗದ ಕೈಗೆ ಬಾರದೆ ಬಂದರಿನಿಂದ ಸರಕು ಬಿಡಿಸಿಕೊಳ್ಳಲಾಗದು. ಹೀಗಾಗಿ ಸರಕು ಕಣ್ಣಿಂದ ದೂರವಾದರೂ ಹಿಡಿತ ಸ್ವಲ್ಪ ಉಳಿದಿರುತ್ತದೆ. ಆದರೆ ಬ್ಯಾಂಕು ಇಲ್ಲಿ ಬರೀ ಅಂಚೆಯವ. ಕೊಳ್ಳುವವನು ಬೇಡವೆಂದು ಕೈಚೆಲ್ಲಿದರೆ, ಕಂಟೇನರ್ ಪರದೇಶದ ಬಂದರಿನಲ್ಲಿ ದಿನಬಾಡಿಗೆ ಏರಿಸುತ್ತಾ ಕೂರುತ್ತದೆ.

ಇನ್ನೊಂದು ದಾರಿ ಲೆಟರ್ ಆಫ್ ಕ್ರೆಡಿಟ್, ವ್ಯಾಪಾರಿಗಳ ಬಾಯಲ್ಲಿ ಎಲ್‌ಸಿ. ಇದರಲ್ಲಿ ಕೊಳ್ಳುವವನ ಮಾತಿನ ಜಾಗದಲ್ಲಿ ಅವನ ಬ್ಯಾಂಕಿನ ಮಾತು ಬರುತ್ತದೆ: ಇಂಥಿಂಥ ಕಾಗದಗಳನ್ನು ಇಂಥ ದಿನದೊಳಗೆ ತೋರಿಸಿದರೆ ಹಣ ನಾವೇ ಕೊಡುತ್ತೇವೆ ಎಂದು. ಇದಕ್ಕೆ ಲೋಕವೆಲ್ಲ ಒಪ್ಪಿದ ನಿಯಮಾವಳಿ ಇದೆ. ಪ್ಯಾರಿಸಿನ ಅಂತಾರಾಷ್ಟ್ರೀಯ ವಾಣಿಜ್ಯ ಮಂಡಳಿ 1933ರಲ್ಲಿ ಮೊದಲು ರೂಪಿಸಿ, ಮತ್ತೆ ಮತ್ತೆ ತಿದ್ದಿ, ಈಗ ಯುಸಿಪಿ 600 ಎಂಬ ಹೆಸರಿನಲ್ಲಿ 2007ರ ಜುಲೈನಿಂದ ನಡೆಸುತ್ತಿರುವ ನಿಯಮಗಳವು. ಕಾಗದ ಬಂದ ಮೇಲೆ ಪರಿಶೀಲನೆಗೆ ಬ್ಯಾಂಕಿಗೆ ಹೆಚ್ಚೆಂದರೆ ಐದು ಕೆಲಸದ ದಿನ. ಬ್ಯಾಂಕು ನೋಡುವುದು ಕಾಗದವನ್ನು, ಸರಕನ್ನಲ್ಲ. ಈ ಮಾತು ಎಷ್ಟು ಗಟ್ಟಿ ಎಂಬುದಕ್ಕೆ ನಮ್ಮ ಸುಪ್ರೀಂ ಕೋರ್ಟಿನ ಹಳೆಯ ತೀರ್ಪೊಂದಿದೆ. ಫರಕ್ಕಾ ಅಣೆಕಟ್ಟಿನ ಕಾಲುವೆ ಕೆಲಸಕ್ಕೆ ಸೋವಿಯತ್ ರಷ್ಯಾದಿಂದ ಯಂತ್ರ ತರಿಸಿದ ಮದರಾಸಿನ ತಾರಾಪೋರ್ ಕಂಪನಿ, ಮಾರಿದವರೊಡನೆ ತಕರಾರು ಎದ್ದಾಗ, ಎಲ್‌ಸಿ ಹಣ ಸಂದಾಯವಾಗದಂತೆ ತಡೆ ಕೇಳಿತು. 1960ರ ದಶಕದ ಕೊನೆಯಲ್ಲಿ ಸುಪ್ರೀಂ ಕೋರ್ಟು ಅದನ್ನು ಒಪ್ಪಲಿಲ್ಲ. ಯಂತ್ರದ ಜಗಳ ಬೇರೆ, ಬ್ಯಾಂಕು ಕೊಟ್ಟ ಮಾತು ಬೇರೆ ಎಂದಿತು. ಮಾರುವವನಿಗೆ ಇದಕ್ಕಿಂತ ದೊಡ್ಡ ಬೆಂಬಲ ಬೇಕಿಲ್ಲ ಅನ್ನಿಸಬಹುದು. ಆದರೆ ಯುಸಿಪಿ 600ರ ಮುನ್ನುಡಿಯೇ ಒಂದು ಕಹಿ ಸತ್ಯ ಒಪ್ಪಿಕೊಂಡಿದೆ: ಎಲ್‌ಸಿ ಅಡಿ ಸಲ್ಲಿಕೆಯಾಗುವ ಕಾಗದಗಳಲ್ಲಿ ಸುಮಾರು ಶೇ 70ರಷ್ಟು ಮೊದಲ ಸಲ ತಿರಸ್ಕೃತವಾಗುತ್ತಿದ್ದವು ಎಂದು. ಸರಕಿನ ವಿವರಣೆ ಒಂದು ಕಡೆ ಒಂದು ಥರ, ಇನ್ನೊಂದು ಕಡೆ ಇನ್ನೊಂದು ಥರ. ಹಡಗು ಎರಡು ದಿನ ತಡ. ಒಂದು ಪ್ರತಿ ಕಡಿಮೆ. ಬೆಲೆ ಕುಸಿದ ಹೊತ್ತಿನಲ್ಲಿ ಕೊಳ್ಳುವವನಿಗೆ ಇಂಥ ಒಂದು ತಪ್ಪು ಸಿಕ್ಕರೆ ಸಾಕು, ರಿಯಾಯಿತಿ ಕೇಳಲು ದಾರಿಯಾಯಿತು.

ಕರಿಕಲ್ಲಿನ ವ್ಯಾಪಾರ ನೋಡಿದರೆ ಇದೆಲ್ಲ ಬರೀ ಪುಸ್ತಕದ ಮಾತಲ್ಲ ಎಂದು ತಿಳಿಯುತ್ತದೆ. ಕಲ್ಲಿನೊಳಗಿನ ಬಿರುಕು, ಬಿಳಿ ಗೆರೆ, ಬಣ್ಣದ ಏರುಪೇರು ಕ್ವಾರಿಯಲ್ಲಿ ಪೂರ್ತಿ ಕಾಣುವುದಿಲ್ಲ, ಗರಗಸಕ್ಕೆ ಕೊಟ್ಟು ಸೀಳಿದಾಗಲೇ ಕಾಣುವುದು. ಆ ಗರಗಸ ಬಹಳ ಸಲ ಸಮುದ್ರದಾಚೆ ಇರುತ್ತದೆ. ಅದಕ್ಕೇ ಬ್ಲಾಕ್ ಕೊಳ್ಳುವವರು ಕ್ವಾರಿಗೆ ಬಂದು ನೀರು ಹಾಕಿ ನೋಡಿ, ಅಳೆದು, ದೋಷಕ್ಕೆಂದು ಅಳತೆಯಲ್ಲಿ ಇಂತಿಷ್ಟು ಕಳೆದು, ಬಣ್ಣದಲ್ಲಿ ಗುರುತು ಹಾಕಿ ಹೋಗುವ ರೂಢಿ ಬಂದಿದೆ. ಎಲ್‌ಸಿ ಇದ್ದರೆ ಒಳಬಿರುಕಿನ ಅಪಾಯ ಕೊಂಡವನದು. ಅವನು ಮೊಕದ್ದಮೆ ಹೂಡಬಹುದು, ಹಣ ತಡೆಯಲಾರ. ಉದ್ರಿಯಾದರೆ ಅದೇ ಬಿರುಕಿನ ಅಪಾಯ ಕಲ್ಲು ಎತ್ತಿದವನ ತಲೆಗೆ. ಆಚೆಯವನು ಮೂರು ಫೋಟೊ ಕಳಿಸಿ, ಬಿಲ್ಲಿನಲ್ಲಿ ಇಷ್ಟು ಮುರಿದುಕೊಂಡಿದ್ದೇನೆ ಎಂದರೆ, ಹತ್ತಾರು ಟನ್ನಿನ ಬ್ಲಾಕನ್ನು ವಾಪಸು ತರಿಸುವ ಹುಚ್ಚು ಯಾರಿಗೂ ಇರುವುದಿಲ್ಲ. ಕಲ್ಲು ಅದೇ, ದರವೂ ಅದೇ. ಷರತ್ತು ಬದಲಾದ ಮಾತ್ರಕ್ಕೆ ನಷ್ಟ ಒಂದು ಖಂಡದಿಂದ ಇನ್ನೊಂದು ಖಂಡಕ್ಕೆ ವರ್ಗವಾಗುತ್ತದೆ. ದರದ ಮಾತಷ್ಟೇ ಆಡುವವರಿಗೆ ಕಾಣದೇ ಹೋಗುವುದು ಇದೇ.

ಹಾಗಿದ್ದರೆ ಎಲ್ಲರೂ ಎಲ್‌ಸಿ ಕೇಳಲಿ ಎನ್ನಬಹುದು. ಕೇಳುವುದು ಸುಲಭ, ಸಿಗುವುದು ಕಷ್ಟ. ಎಲ್‌ಸಿ ತೆರೆಯಲು ಕೊಳ್ಳುವವನು ಬ್ಯಾಂಕಿಗೆ ಕಮಿಷನ್ ಕೊಡಬೇಕು, ಆಧಾರ ತೋರಿಸಬೇಕು, ಆ ಮಟ್ಟಿಗೆ ಅವನ ಸಾಲದ ಮಿತಿ ಕಟ್ಟಿಬೀಳುತ್ತದೆ. ಮಾರುವವರು ಹತ್ತು ಮಂದಿ ಸಾಲುಗಟ್ಟಿರುವಾಗ ಅವನಿಗೇಕೆ ಆ ಉಸಾಬರಿ? ಲುಟೀನ್ ಮಾರಲು ಚೀನಾದವರಿದ್ದಾರೆ, ಕಪ್ಪು ಕಲ್ಲು ಮಾರಲು ಆಫ್ರಿಕಾದವರಿದ್ದಾರೆ. ಆದ್ದರಿಂದ ಇವತ್ತು ಲೋಕದ ವ್ಯಾಪಾರದ ಬಹುಪಾಲು ಉದ್ರಿಯ ಮೇಲೆಯೇ ನಡೆಯುತ್ತದೆ. ಎಲ್‌ಸಿ ಉಳಿದಿರುವುದು ಹೊಸ ಗಿರಾಕಿ, ದೊಡ್ಡ ಮೊತ್ತ, ಅಸ್ಥಿರ ದೇಶ ಇಂಥ ಕಡೆ. ಅಸ್ಥಿರ ದೇಶವೆಂದರೆ ದೂರದ ಮಾತೇನಲ್ಲ. 2022ರ ಏಪ್ರಿಲ್‌ನಲ್ಲಿ ಶ್ರೀಲಂಕಾ ವಿದೇಶಿ ಸಾಲ ತೀರಿಸುವುದನ್ನೇ ನಿಲ್ಲಿಸಿದಾಗ, ಕೊಲಂಬೋದ ಪ್ರಾಮಾಣಿಕ ವ್ಯಾಪಾರಿಯ ಬಳಿ ರೂಪಾಯಿ ಇದ್ದರೂ ಡಾಲರ್ ಸಿಗುವಂತಿರಲಿಲ್ಲ. ಅಂಥ ಹೊತ್ತಿನಲ್ಲಿ ಅಲ್ಲಿನ ಬ್ಯಾಂಕಿನ ಎಲ್‌ಸಿ ಒಂದನ್ನೇ ನಂಬಿ ಕೂರಲಾಗದು, ಇನ್ನೊಂದು ದೇಶದ ಗಟ್ಟಿ ಬ್ಯಾಂಕು ಅದರ ಬೆನ್ನಿಗೆ ಸಹಿ ಹಾಕಿರಬೇಕು. ಅದೇ ವರ್ಷ ರಷ್ಯಾದ ಕೆಲವು ಬ್ಯಾಂಕುಗಳನ್ನು, ದೇಶದೇಶಗಳ ಬ್ಯಾಂಕುಗಳ ನಡುವೆ ಪಾವತಿಯ ಸಂದೇಶ ಸಾಗಿಸುವ ಸ್ವಿಫ್ಟ್ ಜಾಲದಿಂದ ಹೊರಗಿಟ್ಟರು. ಜುಲೈನಲ್ಲಿ ನಮ್ಮ ರಿಸರ್ವ್ ಬ್ಯಾಂಕು ರೂಪಾಯಿಯಲ್ಲೇ ವಿದೇಶ ವ್ಯಾಪಾರದ ಲೆಕ್ಕ ಚುಕ್ತಾ ಮಾಡಲು ದಾರಿ ತೆರೆಯಿತು. ಒಳ್ಳೆಯ ಹೆಜ್ಜೆಯೇ, ಆದರೆ ಹಣ ಯಾವ ನಾಣ್ಯದಲ್ಲಿ ಬರಬೇಕೆಂಬುದನ್ನಷ್ಟೇ ಅದು ಹೇಳುತ್ತದೆ, ಯಾವ ದಿನ ಬರಬೇಕೆಂಬುದನ್ನಲ್ಲ.

ಉದ್ರಿ ಕೊಟ್ಟ ರಫ್ತುದಾರ ಪೂರ್ತಿ ಅನಾಥನೇನಲ್ಲ. ಸರ್ಕಾರ 1957ರಲ್ಲೇ ರಫ್ತು ಸಾಲಕ್ಕೆ ವಿಮೆ ಮಾಡುವ ನಿಗಮವನ್ನು ಕಟ್ಟಿತು. ಅದೇ ಇಂದಿನ ಇಸಿಜಿಸಿ. ಕೊಂಡವನು ದಿವಾಳಿಯಾದರೆ, ಅವನ ದೇಶ ಹಣ ಹೊರಗೆ ಬಿಡದಿದ್ದರೆ, ನಷ್ಟದ ದೊಡ್ಡ ಪಾಲನ್ನು ಅದು ತುಂಬಿಕೊಡುತ್ತದೆ. ಸರಕು ಸಿದ್ಧಪಡಿಸಲು ಬ್ಯಾಂಕಿನಿಂದ ಪ್ಯಾಕಿಂಗ್ ಕ್ರೆಡಿಟ್ ಸಿಗುತ್ತದೆ, ಹಡಗು ಹತ್ತಿಸಿದ ಮೇಲೆ ಬಿಲ್ಲಿನ ಮೇಲೆ ಸಾಲ ಸಿಗುತ್ತದೆ. ಲೋಕದಲ್ಲಿ ಏನಾದರೂ ಕೆಟ್ಟರೆ ದಿಲ್ಲಿ, ಮುಂಬೈ ಬೇಗ ಎಚ್ಚರಗೊಳ್ಳುತ್ತವೆ. ರಫ್ತಿನ ಹಣವನ್ನು ಒಂಬತ್ತು ತಿಂಗಳಲ್ಲಿ ದೇಶಕ್ಕೆ ತರಿಸಬೇಕೆಂಬ ನಿಯಮವನ್ನು ಕೋವಿಡ್ ಬಂದ 2020ರ ಏಪ್ರಿಲ್‌ನಲ್ಲಿ ಹದಿನೈದು ತಿಂಗಳಿಗೆ ಸಡಿಲಿಸಲಾಯಿತು. 2025ರ ಆಗಸ್ಟ್ 27ರಿಂದ ಅಮೆರಿಕ ನಮ್ಮ ಬಹಳಷ್ಟು ಸರಕಿನ ಮೇಲೆ ಶೇ 50 ಸುಂಕ ಹೇರಿದಾಗ, ನವೆಂಬರಿನಲ್ಲಿ ರಿಸರ್ವ್ ಬ್ಯಾಂಕು ಮತ್ತೆ ಅದೇ ಹದಿನೈದು ತಿಂಗಳ ಸಡಿಲಿಕೆ ಕೊಟ್ಟಿತು. ರಫ್ತುದಾರನಿಗೆ ಇದು ಬೇಕಿತ್ತು, ಸಿಕ್ಕಿತು, ಸಂತೋಷ. ಆದರೆ ಈ ಪರಿಹಾರದ ಇನ್ನೊಂದು ಮುಖವನ್ನೂ ನೋಡಬೇಕು. ನಿಯಮ ಸಡಿಲವಾಗಿರುವ ಸಂಗತಿ ಕೊಳ್ಳುವವನ ಕಿವಿಗೂ ಬೀಳುತ್ತದೆ. ನಿಮ್ಮ ಸರ್ಕಾರವೇ ಅವಸರ ಮಾಡುತ್ತಿಲ್ಲವಲ್ಲ, ಇನ್ನೆರಡು ತಿಂಗಳು ತಡೆಯಿರಿ ಎನ್ನಲು ಅವನಿಗೊಂದು ನೆಪ. ಆ ಎರಡು ತಿಂಗಳನ್ನು ರಫ್ತುದಾರ ಬ್ಯಾಂಕಿನ ಸಾಲದಿಂದ ದಾಟಬಹುದು, ಇಲ್ಲವೇ ತನಗೆ ಸರಕು ಕೊಟ್ಟವನನ್ನು ಕಾಯಿಸಿ ದಾಟಬಹುದು. ಬ್ಯಾಂಕಿನ ಸಾಲಕ್ಕೆ ಬಡ್ಡಿ ಇದೆ, ಕಾಯುವ ರೈತನಿಗೆ ಬಡ್ಡಿ ಕೊಡಬೇಕಿಲ್ಲ. ಯಾವುದು ಅಗ್ಗ ಎಂದು ತಿಳಿಯಲು ಲೆಕ್ಕಪರಿಶೋಧಕ ಬೇಕಾಗಿಲ್ಲ.

ಚೆಂಡುಹೂವಿನ ರೈತ ಈ ಸಾಲಿನ ಕೊನೆಯಲ್ಲಿ ನಿಂತಿದ್ದಾನೆ. ಕಂಪನಿ ಬೀಜ ಕೊಡುತ್ತದೆ, ಗೊಬ್ಬರ ಔಷಧಿ ಸಾಲವಾಗಿ ಕೊಡುವುದೂ ಉಂಟು, ಕಿಲೋಗೆ ಇಷ್ಟೆಂದು ಬಿತ್ತನೆಗೆ ಮೊದಲೇ ದರ ಗೊತ್ತುಮಾಡುತ್ತದೆ. ಹೂ ಬಿಡಿಸಿ ಚೀಲಕ್ಕೆ ತುಂಬಿ, ತೂಗಿಸಿ, ಚೀಟಿ ಪಡೆದರೆ ರೈತನ ಕೆಲಸ ಮುಗಿಯಿತು. ಹಣ ಖಾತೆಗೆ ಬರುವುದು ಕೊಂಡವರು ಇಟ್ಟುಕೊಂಡ ದಿನಕ್ಕೆ. ವ್ಯಾಪಾರದ ಭಾಷೆಯಲ್ಲಿ ಹೇಳುವುದಾದರೆ ಇದು ಅಪ್ಪಟ ಓಪನ್ ಅಕೌಂಟ್, ಅದೂ ಅತಿ ದುರ್ಬಲ ಬಗೆಯದು. ಕಲ್ಲಿನ ವ್ಯಾಪಾರಿಗೆ ಕಡೆಗೆ ಬಿಲ್ ಆಫ್ ಲೇಡಿಂಗ್ ಆದರೂ ಕೈಯಲ್ಲಿರುತ್ತದೆ. ಹೂವಿನವನ ಕೈಯಲ್ಲಿರುವ ಚೀಟಿ ಎಷ್ಟು ಕೊಟ್ಟೆ ಎಂದು ಹೇಳುತ್ತದೆ, ಸರಕಿನ ಮೇಲೆ ಹಿಡಿತ ಕೊಡುವುದಿಲ್ಲ. ಹಿಡಿತ ಕೊಟ್ಟರೂ ಏನು ಪ್ರಯೋಜನ, ಕಿತ್ತ ಹೂ ಎರಡೇ ದಿನದಲ್ಲಿ ಕೊಳೆಯುತ್ತದೆ. ಹೊರದೇಶದವನು ತಡಮಾಡಿದ್ದಕ್ಕೆ ಕಾರ್ಖಾನೆ ತಡಮಾಡಿತೇ, ಬೇರೆ ಕಾರಣಕ್ಕೋ ಎಂದು ರೈತ ತಿಳಿಯುವ ದಾರಿಯೂ ಇಲ್ಲ. ಈ ಬೆಳೆಯಲ್ಲಿ ಕೈಗೆ ಕೈ ಹಣ ಸಿಗುವ ವ್ಯವಹಾರವೆಂದರೆ, ಹೊಲದ ಬದುವಿನಲ್ಲಿ ನಿಂತು ಫೋಟೊ ಹಿಡಿಸಿಕೊಳ್ಳುವ ಪ್ರವಾಸಿಗರಿಂದ ಕೆಲವು ರೈತರು ವಸೂಲು ಮಾಡುವ ಹತ್ತು ಇಪ್ಪತ್ತು ರೂಪಾಯಿ. ಪೂರ್ತಿ ಮುಂಗಡ, ಅಪಾಯ ಶೂನ್ಯ. ಅಷ್ಟರ ಮಟ್ಟಿಗೆ ನಮ್ಮ ರೈತನಿಗೆ ಪಾವತಿಯ ಷರತ್ತು ವಿಧಿಸುವುದು ಗೊತ್ತಿದೆ, ಅವಕಾಶ ಸಿಕ್ಕ ಕಡೆ.

ಇದೇ ಜಿಲ್ಲೆಯ ಇನ್ನೊಂದು ಬೆಳೆಯನ್ನು ಪಕ್ಕದಲ್ಲಿಟ್ಟು ನೋಡಿ. ಕುಂತೂರಿನ ಸಕ್ಕರೆ ಕಾರ್ಖಾನೆಗೆ ಕಬ್ಬು ಸಾಗಿಸಿದ ರೈತನಿಗೆ 1966ರ ಕಬ್ಬು ನಿಯಂತ್ರಣ ಆದೇಶದ ರಕ್ಷಣೆ ಇದೆ. ಕಬ್ಬು ಕೊಟ್ಟ ಹದಿನಾಲ್ಕು ದಿನದೊಳಗೆ ಹಣ ಸಲ್ಲಬೇಕು, ತಪ್ಪಿದರೆ ವರ್ಷಕ್ಕೆ ಶೇ 15 ಬಡ್ಡಿ, ಬಾಕಿಯನ್ನು ಭೂಕಂದಾಯದ ಬಾಕಿಯಂತೆ ವಸೂಲು ಮಾಡಲು ಜಿಲ್ಲಾಡಳಿತಕ್ಕೆ ಅಧಿಕಾರ. ಇಷ್ಟೆಲ್ಲ ಇದ್ದೂ ರಾಜ್ಯದಲ್ಲಿ ಕಬ್ಬಿನ ಬಾಕಿ ಉಳಿಯುವುದಿಲ್ಲವೇ ಎಂದು ಕೇಳುವವರಿದ್ದಾರೆ. ಉಳಿಯುತ್ತದೆ, ಪ್ರತಿ ವರ್ಷ ಉಳಿಯುತ್ತದೆ. ಆದರೆ ಅದನ್ನು ಬಾಕಿ ಎಂದು ಕರೆಯಲು ಸಾಧ್ಯವಾಗಿರುವುದೇ ಕಾನೂನು ಒಂದು ದಿನವನ್ನು ಗೊತ್ತುಮಾಡಿರುವುದರಿಂದ. ಹದಿನೈದನೆಯ ದಿನ ಬೆಳಗಾದರೆ ಕಬ್ಬಿನವನು ಬಾಕಿಯ ಪಟ್ಟಿ ಹಿಡಿದು ಜಿಲ್ಲಾಧಿಕಾರಿಯ ಮುಂದೆ ನಿಲ್ಲಬಹುದು, ಶಾಸಕರು ವಿಧಾನಸಭೆಯಲ್ಲಿ ಅಂಕಿ ಕೇಳಬಹುದು. ಚೆಂಡುಹೂವಿಗೆ ಅಂಥ ದಿನವೇ ಇಲ್ಲವಾದ್ದರಿಂದ ಲೆಕ್ಕದಲ್ಲಿ ಬಾಕಿಯೂ ಇಲ್ಲ. ಸಣ್ಣ ಕೈಗಾರಿಕೆಗಳಿಗೂ ಇಂಥ ಆಸರೆ ಇದೆ. 2006ರ ಕಾಯ್ದೆ ಅವರಿಗೆ ಹೆಚ್ಚೆಂದರೆ ನಲವತ್ತೈದು ದಿನದಲ್ಲಿ ಹಣ ಕೊಡಬೇಕೆನ್ನುತ್ತದೆ. ಗಡುವು ಮೀರಿದರೆ, ಕೊಡದ ಹಣವನ್ನು ಆ ವರ್ಷದ ಖರ್ಚಾಗಿ ತೋರಿಸಲು ಈಗ ಆದಾಯ ತೆರಿಗೆ ಕಾನೂನೂ ಬಿಡುವುದಿಲ್ಲ. ಕಾರ್ಖಾನೆಗೆ ರಟ್ಟಿನ ಪೆಟ್ಟಿಗೆ ಮಾಡಿಕೊಡುವ ಸಣ್ಣ ಘಟಕ ಈ ಕಾಯ್ದೆಯ ನೆರಳಿನಲ್ಲಿದೆ. ಅದೇ ಕಾರ್ಖಾನೆಗೆ ಹೂ ಬೆಳೆದು ಕೊಡುವವನು ಉದ್ಯಮದಾರ ಅಲ್ಲವೆಂಬ ಕಾರಣಕ್ಕೆ ಹೊರಗಿದ್ದಾನೆ.

ವಿಚಿತ್ರವೆಂದರೆ, ಕೆಲ ಕಾಲ ಈ ದೇಶದ ಕಾನೂನು ಪುಸ್ತಕದಲ್ಲಿ ಇದಕ್ಕೊಂದು ನಿಯಮವಿತ್ತು. 2020ರ ಮೂರು ಕೃಷಿ ಕಾಯ್ದೆಗಳಲ್ಲಿ ಒಪ್ಪಂದ ಕೃಷಿಯದ್ದೂ ಒಂದು. ಬೀಜೋತ್ಪಾದನೆಯನ್ನು ಬಿಟ್ಟು ಉಳಿದ ಬೆಳೆಗೆ, ಸರಕು ಒಪ್ಪಿಸಿಕೊಳ್ಳುವಾಗಲೇ ಹಣ ಕೊಡಬೇಕೆಂದು ಅದರಲ್ಲಿ ಬರೆದಿತ್ತು. ಆ ಕಾಯ್ದೆಗಳನ್ನು ರೈತರು ವಿರೋಧಿಸಿದ್ದಕ್ಕೆ ಬೇರೆ ಗಟ್ಟಿ ಕಾರಣಗಳಿದ್ದವು. ವ್ಯಾಜ್ಯಕ್ಕೆ ಸಿವಿಲ್ ನ್ಯಾಯಾಲಯದ ಬಾಗಿಲು ಮುಚ್ಚಿದ್ದು ಅವುಗಳಲ್ಲೊಂದು. 2021ರ ಕೊನೆಗೆ ಮೂರೂ ರದ್ದಾದವು, ರದ್ದಾಗಬೇಕಾದ್ದೇ. ಆದರೆ ಬೇಡದ್ದರ ಜೊತೆ ಬೇಕಾದ ಒಂದು ಸಾಲೂ ಹೋಯಿತು, ಅದನ್ನು ಹೆಕ್ಕಿ ಉಳಿಸಿಕೊಳ್ಳಬೇಕೆಂದು ಸರ್ಕಾರಕ್ಕೂ ಹೊಳೆಯಲಿಲ್ಲ, ಚಳವಳಿಗೂ ಹೊಳೆಯಲಿಲ್ಲ. ಕೃಷಿ ಮಾರುಕಟ್ಟೆ ರಾಜ್ಯದ ವಿಷಯ. ಆ ಒಂದು ಸಾಲನ್ನು ಬೆಂಗಳೂರಿನಲ್ಲಿ ಬರೆಯಲು ದಿಲ್ಲಿಯ ಅಪ್ಪಣೆ ಬೇಕಿಲ್ಲ.

ಇದಕ್ಕೆ ಬರುವ ಮೊದಲ ಆಕ್ಷೇಪ, ಕಟ್ಟುನಿಟ್ಟು ಮಾಡಿದರೆ ಕಾರ್ಖಾನೆಗಳು ಗುಂಡ್ಲುಪೇಟೆ ಬಿಟ್ಟು ಹೋಗುತ್ತವೆ ಎಂಬುದು. ಹೆದರಿಕೆಯಲ್ಲಿ ಹುರುಳಿಲ್ಲ ಎನ್ನಲಾರೆ, ಚೆಂಡುಹೂ ಬೆಳೆಯುವ ನೆಲ ಬೇರೆ ಕಡೆಯೂ ಇದೆ. ಆದರೆ ಕೊಳೆಯುವ ಹೂವನ್ನು ದೂರ ಸಾಗಿಸಲಾಗದು, ಕಾರ್ಖಾನೆ ಹೊಲದ ಹತ್ತಿರವೇ ಇರಬೇಕು. ಬೀಜ ಹಂಚಿ, ಬೆಳೆಗಾರರನ್ನು ಪಳಗಿಸಿ ವರ್ಷಗಟ್ಟಲೆ ಕಟ್ಟಿದ ಸೀಮೆಯನ್ನು ಎರಡು ವಾರದ ಬಡ್ಡಿ ಉಳಿಸಲೆಂದು ಬಿಡುವ ಉದ್ಯಮಿ ಇರಲಾರ. ನಿಯಮ ಇಡೀ ರಾಜ್ಯಕ್ಕೆ ಒಂದೇ ಆದರೆ ಪಕ್ಕದ ತಾಲ್ಲೂಕಿಗೆ ಓಡಿಹೋಗುವ ಮಾತೂ ಉಳಿಯುವುದಿಲ್ಲ. ಎರಡನೆಯ ಆಕ್ಷೇಪ ಇನ್ನೂ ತೂಕದ್ದು: ಕಂಪನಿಯೂ ರೈತನಿಗೆ ಸಾಲ ಕೊಟ್ಟಿದೆ, ಬೀಜ ಗೊಬ್ಬರದ ರೂಪದಲ್ಲಿ, ಅದನ್ನೂ ಲೆಕ್ಕಕ್ಕೆ ಹಿಡಿಯಬೇಡವೇ? ಹಿಡಿಯಬೇಕು. ಆದರೆ ಕಂಪನಿಯ ಆ ಸಾಲ ಮೊದಮೊದಲ ಹೂವಿನ ಬಿಲ್ಲಿನಲ್ಲೇ ಮುರಿದುಹೋಗುತ್ತದೆ. ಸಾಲ ವಸೂಲಿಗೆ ಅವರಿಗೆ ಸರಕಿನ ಭದ್ರತೆ ಇದೆ, ರೈತನ ವಸೂಲಿಗೆ ಯಾವುದೂ ಇಲ್ಲ. ಇಬ್ಬರೂ ಸಾಲ ಕೊಟ್ಟವರೇ, ಇಬ್ಬರೂ ಸಾಲ ಪಡೆದವರೇ ಎಂಬುದು ನಿಜವಾದರೂ ಇಬ್ಬರ ಕೈಯಲ್ಲಿರುವ ಭದ್ರತೆ ಒಂದೇ ಅಲ್ಲ.

ಮೂರನೆಯ ಆಕ್ಷೇಪ ಕಾರ್ಖಾನೆಗಳವರದು. ಓಣಂ ಹತ್ತಿರ ಬಂದು ಕೇರಳದ ವ್ಯಾಪಾರಿಗಳು ಕೈಯಲ್ಲಿ ನೋಟು ಹಿಡಿದು ಬಂದರೆ ರೈತ ಒಪ್ಪಂದ ಮುರಿದು ಅವರಿಗೆ ಹೂ ಕೊಡುತ್ತಾನೆ, ಮಾತಿಗೆ ನಿಲ್ಲದವನಿಗೆ ರಕ್ಷಣೆ ಯಾಕೆ ಎಂದು. ಒಪ್ಪಂದ ಮುರಿಯುವುದು ತಪ್ಪೇ. ಆದರೆ ಅವನು ಯಾಕೆ ಅತ್ತ ವಾಲುತ್ತಾನೆ ಎಂಬುದರಲ್ಲಿ ದರದ ಜೊತೆ ದಿನದ ಪಾತ್ರವೂ ಇದೆ. ಹೂ ಕೊಯ್ಯುವ ಆಳಿಗೆ ಸಂಜೆಗೇ ಕೂಲಿ ಕೊಡಬೇಕಾದ ರೈತನಿಗೆ ಇವತ್ತಿನ ನೋಟು ಮತ್ತು ಎಂದೋ ಬರುವ ಹಣ ಒಂದೇ ಮೊತ್ತವಾದರೂ ಒಂದೇ ಬೆಲೆಯಲ್ಲ. ಪಾವತಿಯ ದಿನ ಖಚಿತವಾದಷ್ಟೂ ಒಪ್ಪಂದಕ್ಕೆ ನಿಲ್ಲುವುದು ಅವನಿಗೆ ಹಗುರವಾಗುತ್ತದೆ, ಕಾರ್ಖಾನೆಗೂ ಹೂ ಕೈತಪ್ಪುವ ಭಯ ಇಳಿಯುತ್ತದೆ.

ಮಾಡಬೇಕಾದ್ದು ಹೊಸ ಆವಿಷ್ಕಾರವೇನಲ್ಲ. ಹೊರದೇಶದವನನ್ನು ನಂಬಲಾಗದಾಗ ನಾವು ಅವನ ಬ್ಯಾಂಕಿನ ಮಾತು ಕೇಳುತ್ತೇವೆ. ಅದೇ ಉಪಾಯವನ್ನು ಕಾರ್ಖಾನೆ ಮತ್ತು ಹೊಲದ ನಡುವೆಯೂ ತರಬಹುದು. ದೇಶದೊಳಗಿನ ವ್ಯಾಪಾರಕ್ಕೂ ನಮ್ಮ ಬ್ಯಾಂಕುಗಳು ಎಲ್‌ಸಿ ತೆರೆಯುತ್ತವೆ, ಗ್ಯಾರಂಟಿ ಕೊಡುತ್ತವೆ. ಒಬ್ಬೊಬ್ಬ ರೈತನ ಹೆಸರಿಗೆ ಅದು ಆಗದ ಮಾತು, ಆದರೆ ರೈತ ಉತ್ಪಾದಕ ಕಂಪನಿಯ ಹೆಸರಿಗೆ ಆಗುವ ಮಾತು. ಹಂಗಾಮಿನಲ್ಲಿ ಎರಡು ವಾರಕ್ಕೆ ಬರುವ ಹೂವಿನ ಮೌಲ್ಯದಷ್ಟು ಮೊತ್ತಕ್ಕೆ ಕಾರ್ಖಾನೆ ಒಂದು ಬ್ಯಾಂಕ್ ಗ್ಯಾರಂಟಿ ಇಟ್ಟರೆ, ಗಡುವು ತಪ್ಪಿದ ದಿನ ಬೆಳೆಗಾರರ ಕಂಪನಿ ತೂಕದ ಚೀಟಿಗಳನ್ನು ಬ್ಯಾಂಕಿಗೆ ಒಪ್ಪಿಸಿ ಹಣ ಪಡೆಯಬಹುದು. ಗ್ಯಾರಂಟಿಯ ಕಮಿಷನ್ ಕಾರ್ಖಾನೆಗೆ ಖರ್ಚು, ಹೌದು. ರಫ್ತಿಗೆಂದು ಕೊಡುವ ರಿಯಾಯಿತಿಗಳಲ್ಲಿ ಒಂದಿಷ್ಟನ್ನು ಸರ್ಕಾರ ಈ ಕಮಿಷನ್ ಭರಿಸಲು ತಿರುಗಿಸಲಿ. ಪ್ಯಾಕಿಂಗ್ ಕ್ರೆಡಿಟ್ ಕೊಡುವ ಬ್ಯಾಂಕು ಕೂಡ, ಆ ಸಾಲ ಬೆಳೆಗಾರನಿಗೆ ಸಂದ ಲೆಕ್ಕವನ್ನು ಕೇಳಬೇಕು. ಕಚ್ಚಾವಸ್ತು ಕೊಳ್ಳಲೆಂದೇ ಕೊಟ್ಟ ಸಾಲವದು.

ಈ ವ್ಯವಸ್ಥೆಯ ಬಲವೆಲ್ಲ ತೂಕದ ಚೀಟಿಯ ಮೇಲೆ ನಿಂತಿರುತ್ತದೆ, ಅದು ಬರೆಯುವುದು ಕೊಳ್ಳುವವನ ಕೈ. ಎಲ್‌ಸಿಯಲ್ಲಿ ಹಡಗಿನ ಕಂಪನಿ ಎಂಬ ಮೂರನೆಯವನು ಸರಕು ಹತ್ತಿದ್ದಕ್ಕೆ ಸಾಕ್ಷಿ ಹೇಳುತ್ತಾನೆ, ಆ ಕಾಗದಕ್ಕೆ ಬೆಲೆ ಬಂದಿರುವುದೇ ಅದರಿಂದ. ಇಲ್ಲಿಯೂ ಒಬ್ಬ ಮೂರನೆಯವನು ಬೇಕು. ತಕ್ಕಡಿಗೆ ಮುದ್ರೆ ಒತ್ತುವ ಕಾನೂನು ಮಾಪನ ಶಾಸ್ತ್ರ ಇಲಾಖೆ ಈಗಾಗಲೇ ಇದೆ. ತೂಕದ ಜಾಗದಲ್ಲಿ ಎಪಿಎಂಸಿಯ ಒಬ್ಬ ಸಿಬ್ಬಂದಿ, ಇಲ್ಲವೇ ಬೆಳೆಗಾರರ ಕಂಪನಿಯ ಒಬ್ಬ ಪ್ರತಿನಿಧಿ ನಿಂತು, ತೇವಕ್ಕೆ ಎಷ್ಟು ಕಳೆದರು, ಯಾವ ದರ ಹಾಕಿದರು, ಹಣ ಯಾವ ತಾರೀಖಿಗೆ ಎಂಬ ಮೂರನ್ನೂ ಚೀಟಿಯಲ್ಲಿ ಬರೆಸಿ, ಒಂದು ಪ್ರತಿಯನ್ನು ತನ್ನಲ್ಲಿ ಇಟ್ಟುಕೊಳ್ಳಬೇಕು. ಮೊದಲೆರಡು ಹೇಗೋ ಬಂದುಬಿಡುತ್ತವೆ. ಜಗಳವಾಡಿ ಬರೆಸಬೇಕಾದ್ದು ತಾರೀಖನ್ನು.